ಫೋಲ್ಡರ್ ಹೋಗಿ ಫೈಲ್ ಆದಾಗ: ಫ್ಯಾಟ್32 ಡ್ರೈವ್‌ನಲ್ಲಿ ಕೈಯಾರೆ ಮಾಡಿದ ರಿಪೇರಿ

32 ಜಿಬಿ ಪೆನ್‌ಡ್ರೈವ್, ಫೈಲ್‌ಗಳ ಲೆಕ್ಕ ಇಡುವ ಪದ್ಧತಿ ಫ್ಯಾಟ್32. ಅದರಲ್ಲಿ ಡೇಟಾ ಎಂಬ ಫೋಲ್ಡರ್ ಇರಬೇಕಾದ ಜಾಗದಲ್ಲಿ ಬಿಳಿ ಹಾಳೆಯ ಚಿಹ್ನೆ, ಪಕ್ಕದಲ್ಲಿ ಗಾತ್ರ 16 ಕೆಬಿ. ಡಬಲ್ ಕ್ಲಿಕ್ ಮಾಡಿದರೆ ಇದನ್ನು ಯಾವ ಪ್ರೋಗ್ರಾಂನಲ್ಲಿ ತೆರೆಯಲಿ ಎಂದು ವಿಂಡೋಸ್ ಕೇಳುತ್ತದೆ. ಕಮಾಂಡ್ ಪ್ರಾಂಪ್ಟ್‌ನಿಂದ ಒಳಗೆ ಹೋಗಲು ನೋಡಿದರೆ ಡೈರೆಕ್ಟರಿಯ ಹೆಸರು ಸರಿಯಿಲ್ಲ ಎಂಬ ಉತ್ತರ ಬರುತ್ತದೆ. ವಿಂಡೋಸ್ ಲೆಕ್ಕದಲ್ಲಿ ಅದು 267ನೇ ದೋಷ. ಆದರೆ ಡ್ರೈವ್‌ನ ಪ್ರಾಪರ್ಟೀಸ್ ತೆಗೆದರೆ ಬಳಕೆಯಾದ ಜಾಗ ಹಿಂದೆ ಎಷ್ಟಿತ್ತೋ ಅಷ್ಟೇ ಇದೆ. ಈ ಕೊನೆಯ ಸಂಗತಿಯೇ ಎಲ್ಲಕ್ಕಿಂತ ಮುಖ್ಯ. ಒಳಗಿದ್ದ ಫೈಲ್‌ಗಳು ಎಲ್ಲಿಗೂ ಹೋಗಿಲ್ಲ, ಅವುಗಳ ಜಾಗ ಇನ್ನೂ ಮೀಸಲಾಗಿಯೇ ಇದೆ, ಹಾಳಾಗಿರುವುದು ಅವುಗಳ ಹೆಸರಿನ ಪಟ್ಟಿ ಮಾತ್ರ.

ಫೋಲ್ಡರ್ ಎಂದರೆ ಫೈಲ್‌ಗಳನ್ನು ತುಂಬಿಟ್ಟ ಡಬ್ಬಿಯಲ್ಲ, ಪುಸ್ತಕದ ಮೊದಲಿಗೆ ಇರುವ ಪರಿವಿಡಿ. ಈ ಫೈಲಿನ ಹೆಸರು ಇದು, ಗಾತ್ರ ಇಷ್ಟು, ಇಂಥ ಕ್ಲಸ್ಟರ್‌ನಿಂದ ಶುರುವಾಗುತ್ತದೆ ಎಂದು ಬರೆದಿಟ್ಟ ಪಟ್ಟಿ ಅಷ್ಟೇ. ಕ್ಲಸ್ಟರ್ ಎಂದರೆ ಫೈಲ್‌ಗಳಿಗೆ ಹಂಚುವ ಜಾಗದ ಒಂದು ತುಂಡು, ಅದರೊಳಗೆ 512 ಬೈಟ್‌ನ ಸೆಕ್ಟರ್‌ಗಳಿರುತ್ತವೆ. ಇಷ್ಟು ಮನಸ್ಸಿನಲ್ಲಿದ್ದರೆ ಗಾಬರಿಬಿದ್ದು ರಿಕವರಿ ಸಾಫ್ಟ್‌ವೇರ್ ಓಡಿಸುವ ಪ್ರಮೇಯ ಬರುವುದಿಲ್ಲ. ಫೋಟೋರೆಕ್‌ನಂಥ ಸಾಧನಗಳು ಪಟ್ಟಿಯನ್ನು ನೋಡುವುದೇ ಇಲ್ಲ. ಇಡೀ ಡ್ರೈವ್ ಜಾಲಾಡಿ, ಫೈಲಿನ ಆರಂಭದ ಗುರುತು ಕಂಡಲ್ಲೆಲ್ಲ ಒಂದೊಂದು ಫೈಲ್ ಎತ್ತಿಕೊಡುತ್ತವೆ. ಹೆಸರು, ತಾರೀಖು, ಫೋಲ್ಡರ್ ರಚನೆ ಮೂರೂ ಹೋಗುತ್ತವೆ. ಸಾವಿರಾರು ಫೈಲ್‌ಗಳನ್ನು ಬರೀ ನಂಬರಿನ ಮೇಲೆ ಗುರುತಿಸುವ ಕಷ್ಟ ಅನುಭವಿಸಿದವರಿಗೇ ಗೊತ್ತು. ಪಟ್ಟಿ ಉಳಿದಿರುವ ಸಾಧ್ಯತೆ ಇದ್ದರೆ ಮೊದಲು ಅದನ್ನೇ ನೋಡಬೇಕು.

ಇದು ಹೇಗಾಯಿತು ಎನ್ನುವುದಕ್ಕೆ ಡ್ರೈವ್‌ನಲ್ಲೇ ಸಾಕ್ಷಿ ಇತ್ತು. ಅಡಗಿದ ಫೈಲ್‌ಗಳನ್ನು ತೋರಿಸು ಎಂದಾಗ ಫೌಂಡ್.000 ಎಂಬ ಫೋಲ್ಡರ್ ಕಾಣಿಸಿತು, ಅದರೊಳಗೆ 0000ದಿಂದ ಶುರುವಾಗಿ ಸಾಲಾಗಿ ಸಿಎಚ್‌ಕೆ ಫೈಲ್‌ಗಳು. ಅಂದರೆ ವಿಂಡೋಸ್‌ನ ಡ್ರೈವ್ ತಪಾಸಣೆಯ ಸಾಧನ ಚೆಕ್‌ಡಿಸ್ಕ್ ಆಗಲೇ ಓಡಿದೆ. ಫ್ಯಾಟ್32ರಲ್ಲಿ ಪ್ರತಿ ಫೋಲ್ಡರ್‌ನ ಪಟ್ಟಿಯೂ ಎರಡು ಕಡ್ಡಾಯ ದಾಖಲೆಗಳಿಂದ ಶುರುವಾಗಬೇಕು: ಒಂದು ಚುಕ್ಕೆ, ಅಂದರೆ ಇದೇ ಫೋಲ್ಡರ್; ಎರಡು ಚುಕ್ಕೆ, ಅಂದರೆ ಮೇಲಿನ ಫೋಲ್ಡರ್. ಬರೆಯುತ್ತಿರುವಾಗ ಡ್ರೈವ್ ಕಿತ್ತರೆ ಅಥವಾ ಕರೆಂಟ್ ಹೋದರೆ ಆ ಮೊದಲ ಸೆಕ್ಟರ್ ಅಳಿಸಿಹೋಗಬಹುದು. ಚೆಕ್‌ಡಿಸ್ಕ್ ಬಂದು ನೋಡಿದಾಗ ಚುಕ್ಕೆಗಳಿಲ್ಲ. ಸರಿಪಡಿಸಲಾಗದ ದೋಷ, ಫೋಲ್ಡರನ್ನು ಫೈಲ್ ಆಗಿ ಬದಲಿಸಲೇ ಎಂದು ಅದು ಕೇಳುತ್ತದೆ. ಹೌದು ಎಂದರೆ ಡೈರೆಕ್ಟರಿ ಎಂಬ ಗುರುತನ್ನು ತೆಗೆದು, ಗಾತ್ರದ ಜಾಗದಲ್ಲಿ ಆ ಪಟ್ಟಿ ಹಿಡಿದಿರುವ ಕ್ಲಸ್ಟರ್‌ಗಳ ಒಟ್ಟು ಗಾತ್ರ ಬರೆಯುತ್ತದೆ. 16 ಕೆಬಿ ಬಂದದ್ದು ಹಾಗೆ. ಈ ಡ್ರೈವ್‌ನ ಒಂದು ಕ್ಲಸ್ಟರ್ 16 ಕೆಬಿ. ಪಟ್ಟಿಯೇ ಇಲ್ಲವಾದ್ದರಿಂದ ಒಳಗಿನ ಫೈಲ್‌ಗಳೆಲ್ಲ ವಾರಸುದಾರರಿಲ್ಲದ ಕ್ಲಸ್ಟರ್ ಸರಪಳಿಗಳಾಗುತ್ತವೆ. ಅವನ್ನು ಫೈಲ್ ಮಾಡಲೇ ಎಂಬುದು ಮುಂದಿನ ಪ್ರಶ್ನೆ. ಅದಕ್ಕೂ ಹೌದು ಎಂದಿದ್ದರೆ ಅವು ಫೌಂಡ್.000 ಸೇರುತ್ತವೆ. ಬೇಡ ಎಂದಿದ್ದರೆ ಆ ಜಾಗ ಖಾಲಿ ಎಂದು ಗುರುತಾಗುತ್ತದೆ, ಕೆಲಸ ಬಹಳ ಕಷ್ಟವಾಗುತ್ತದೆ. ಇಲ್ಲಿ ಹೌದು ಎಂದಾಗಿತ್ತು, ಅದು ಒಳ್ಳೆಯದೇ ಆಯಿತು.

ಡ್ರೈವ್ ಹಾಕಿದ ಕೂಡಲೇ ಇದರಲ್ಲಿ ತೊಂದರೆ ಇದೆ, ಸ್ಕ್ಯಾನ್ ಮಾಡಿ ಸರಿಪಡಿಸಲೇ ಎಂದು ಬರುವ ಕಿಟಕಿಗೆ ಒಪ್ಪಿಗೆ ಕೊಡಬಾರದು ಎನ್ನುವುದು ಇದಕ್ಕೇ. ಚೆಕ್‌ಡಿಸ್ಕ್ ಕೆಟ್ಟ ಸಾಧನವಲ್ಲ. ಆದರೆ ಅದರ ಗುರಿ ಡ್ರೈವ್‌ನ ಲೆಕ್ಕ ಸರಿಹೊಂದಿಸುವುದು, ನಿಮ್ಮ ಫೈಲ್ ಉಳಿಸುವುದಲ್ಲ. ಸರಿಪಡಿಸು ಎನ್ನುವ ಸ್ಲ್ಯಾಶ್ ಎಫ್ ಇಲ್ಲದೆ ಬರೀ ಡ್ರೈವ್ ಅಕ್ಷರ ಕೊಟ್ಟು ಓಡಿಸಿದರೆ ಅದು ಓದಿ ವರದಿ ಕೊಡುತ್ತದೆ, ಏನನ್ನೂ ಬರೆಯುವುದಿಲ್ಲ. ಅಷ್ಟಕ್ಕೆ ನಿಲ್ಲಿಸಿದರೆ ಅಪಾಯವಿಲ್ಲ.

ಮುಟ್ಟುವ ಮೊದಲು

ಫೋಲ್ಡರ್ ತೆರೆಯುತ್ತಿಲ್ಲ ಎಂದ ಮಾತ್ರಕ್ಕೆ ಎಲ್ಲವೂ ಇದೇ ಕಾಯಿಲೆಯಲ್ಲ. ಅನುಮತಿ ಇಲ್ಲ ಎಂದು ಬಂದರೆ ಅದು ಮಾಲೀಕತ್ವದ ವಿಚಾರ. ಪಟ್ಟಿ ಚೆನ್ನಾಗಿಯೇ ಇರುತ್ತದೆ, ಸೆಕ್ಯುರಿಟಿ ಟ್ಯಾಬ್‌ನಲ್ಲಿ ಸರಿಯಾಗುತ್ತದೆ. ಫೋಲ್ಡರ್ ಹೆಸರಿನ ಶಾರ್ಟ್‌ಕಟ್ ಮಾತ್ರ ಕಾಣಿಸುತ್ತಿದ್ದರೆ ವೈರಸ್ ನಿಜವಾದ ಫೋಲ್ಡರನ್ನು ಅಡಗಿಸಿಟ್ಟಿದೆ ಎಂದು ತಿಳಿಯಬೇಕು. ಶಾರ್ಟ್‌ಕಟ್ ಒತ್ತದೆ, ಮೊದಲು ವೈರಸ್ ತೆಗೆದು, ಆಮೇಲೆ ಆಟ್ರಿಬ್ ಆಜ್ಞೆಯಿಂದ ಹಿಡನ್ ಮತ್ತು ಸಿಸ್ಟಮ್ ಗುರುತು ಕಳಚಿದರೆ ಸಾಕು. ಫೈಲ್ ಅಥವಾ ಡೈರೆಕ್ಟರಿ ಕರಪ್ಟ್ ಆಗಿದೆ, ಓದಲಾಗುತ್ತಿಲ್ಲ ಎಂದು ಬಂದರೆ, ಅಂದರೆ 1392ನೇ ದೋಷ, ಅದು ಬಹುಮಟ್ಟಿಗೆ ಎನ್‌ಟಿಎಫ್‌ಎಸ್ ಎಂಬ ಇನ್ನೊಂದು ಪದ್ಧತಿಯ ಡಿಸ್ಕ್‌ಗಳಲ್ಲಿ ಕಾಣುವಂಥದ್ದು. ಅದರ ದಾರಿ ಬೇರೆ, ಕೊನೆಗೆ ಹೇಳುತ್ತೇನೆ. ಹೆಸರು ಸರಿಯಾಗಿದ್ದು, ವಿಸ್ತರಣೆ ಇಲ್ಲದ ಫೈಲ್ ಆಗಿ, ಗಾತ್ರ 4, 8, 16 ಅಥವಾ 32 ಕೆಬಿಯ ಗುಣಕವಾಗಿದ್ದರೆ ಮಾತ್ರ ಮುಂದಿನ ವಿಧಾನ ಹೊಂದುತ್ತದೆ.

ಮೊದಲ ಕೆಲಸ ಇಮೇಜ್ ತೆಗೆಯುವುದು. ಪೆನ್‌ಡ್ರೈವ್‌ನ ಮೊದಲ ಬೈಟ್‌ನಿಂದ ಕೊನೆಯ ಬೈಟ್‌ವರೆಗೆ ಯಥಾವತ್ತಾಗಿ ಒಂದು ಫೈಲ್‌ಗೆ ಇಳಿಸಿಕೊಳ್ಳಬೇಕು. ಕಾಣುವ ಫೈಲ್‌ಗಳನ್ನು ಕಾಪಿ ಮಾಡಿಕೊಳ್ಳುವುದು ಇದಕ್ಕೆ ಸಮವಲ್ಲ, ಏಕೆಂದರೆ ನಮಗೆ ಬೇಕಾದದ್ದು ಕಾಣದಿರುವ ಭಾಗ. ನಾನು ಬಳಸಿದ್ದು ಲಿನಕ್ಸ್‌ನ ಡಿಡಿರೆಸ್ಕ್ಯೂ. ಓದಲಾಗದ ಸೆಕ್ಟರ್ ಸಿಕ್ಕರೆ ಅದು ಅಲ್ಲೇ ತಡಕಾಡುತ್ತ ಕೂರುವುದಿಲ್ಲ. ಬಿಟ್ಟು ಮುಂದೆ ಹೋಗಿ, ಬಿಟ್ಟದ್ದನ್ನು ಮ್ಯಾಪ್ ಫೈಲ್‌ನಲ್ಲಿ ಬರೆದಿಟ್ಟು, ಕೊನೆಗೆ ಮತ್ತೆ ಯತ್ನಿಸುತ್ತದೆ. ನಡುವೆ ನಿಂತರೆ ಅದೇ ಮ್ಯಾಪ್ ಫೈಲ್ ಕೊಟ್ಟು ನಿಂತಲ್ಲಿಂದ ಮುಂದುವರಿಸಬಹುದು. ವಿಂಡೋಸ್‌ನಲ್ಲೇ ಮಾಡುವುದಾದರೆ ವಿನ್32 ಡಿಸ್ಕ್ ಇಮೇಜರ್ ಇದೆ. ಅಲ್ಲಿ ರೀಡ್ ಮತ್ತು ರೈಟ್ ಬಟನ್‌ಗಳು ಅಕ್ಕಪಕ್ಕದಲ್ಲೇ ಇವೆ, ರೈಟ್ ಒತ್ತಿದರೆ ಕಥೆ ಮುಗಿಯಿತು. ಒತ್ತುವ ಮುನ್ನ ಎರಡು ಸಲ ಓದಿ.

ವಿಂಡೋಸ್ ಬಗ್ಗೆ ಇನ್ನೊಂದು ಮಾತು. ಪೆನ್‌ಡ್ರೈವ್ ಹಾಕಿದ ಕೂಡಲೇ ಅದು ಸಿಸ್ಟಮ್ ವಾಲ್ಯೂಮ್ ಇನ್‌ಫರ್ಮೇಶನ್ ಎಂಬ ಅಡಗಿದ ಫೋಲ್ಡರ್ ಸೃಷ್ಟಿಸಿ ಒಂದೆರಡು ಸಣ್ಣ ಫೈಲ್ ಬರೆದುಬಿಡಬಹುದು. ಆ ಬರವಣಿಗೆ ನಮಗೆ ಬೇಕಾದ ಜಾಗದ ಮೇಲೇ ಬೀಳಬಹುದು. ಆದ್ದರಿಂದ ನೋಡೋಣ ಎಂದು ಮತ್ತೆ ಮತ್ತೆ ಹಾಕಿ ತೆಗೆಯುವುದು ಬೇಡ. ಲಿನಕ್ಸ್‌ನಲ್ಲಾದರೆ ಮೌಂಟ್ ಮಾಡದೆಯೇ, ಅಂದರೆ ಡ್ರೈವ್ ಆಗಿ ತೆರೆಯದೆಯೇ, ಇಮೇಜ್ ತೆಗೆಯಬಹುದು.

ಇಮೇಜ್ ಸಿಕ್ಕ ಮೇಲೆ ಅದರ ಇನ್ನೊಂದು ಪ್ರತಿ ಮಾಡಿ, ಎರಡರ ಎಸ್‌ಎಚ್‌ಎ-256 ಮೊತ್ತ, ಅಂದರೆ ಫೈಲಿನ ಬೆರಳಚ್ಚಿನಂಥ ಸಂಖ್ಯೆ, ತಾಳೆ ನೋಡಿದೆ. ಒಂದನ್ನು ರೀಡ್ ಓನ್ಲಿ ಮಾಡಿ ಎತ್ತಿಟ್ಟು, ಕೆಲಸವೆಲ್ಲ ಇನ್ನೊಂದರ ಮೇಲೆ. 32 ಜಿಬಿ ಡ್ರೈವ್‌ಗೆ 64 ಜಿಬಿ ಖಾಲಿ ಜಾಗ, ಜೊತೆಗೆ ಹೊರತೆಗೆದ ಫೈಲ್‌ಗಳಿಗೆ ಇನ್ನಷ್ಟು ಬೇಕು. ಪೆನ್‌ಡ್ರೈವ್ ಪಕ್ಕಕ್ಕೆ ಹೋಯಿತು. ಮುಂದಿನ ಒಂದು ಹೆಜ್ಜೆಯಲ್ಲೂ ಅದು ಬೇಕಾಗಲಿಲ್ಲ.

ಮೂವತ್ತೆರಡು ಬೈಟ್

ಬೈಟ್‌ಗಳನ್ನು ನೇರವಾಗಿ ತೋರಿಸಿ ತಿದ್ದಲು ಬಿಡುವ ಹೆಕ್ಸ್ ಎಡಿಟರ್ ಆಗಿ ಎಚ್‌ಎಕ್ಸ್‌ಡಿ ಸಾಕು, ಉಚಿತ. ಅದರಲ್ಲಿ ಡಿಸ್ಕ್ ಇಮೇಜ್ ತೆರೆಯುವ ಆಯ್ಕೆ ಇದೆ, ಸೆಕ್ಟರ್ ಗಾತ್ರ 512 ಎಂದು ಕೊಡಬೇಕು. ಮುಂದೆ ಬೈಟ್‌ಗಳಲ್ಲಿ ಇರುವ ಬೆಲೆಗಳೆಲ್ಲ ಹೆಕ್ಸ್‌ನಲ್ಲಿ, ಅಂದರೆ ಹದಿನಾರರ ಎಣಿಕೆಯಲ್ಲಿವೆ; ಬೈಟ್‌ನ ಸ್ಥಾನ, ಸೆಕ್ಟರ್ ಮತ್ತು ಕ್ಲಸ್ಟರ್ ಲೆಕ್ಕ ದಶಮಾನದಲ್ಲಿ. ಹತ್ತರಿಂದ ಹದಿನೈದರವರೆಗೆ ಎ, ಬಿ, ಸಿ, ಡಿ, ಇ, ಎಫ್ ಅಕ್ಷರ ಬರುತ್ತವೆ. ಒಂದಕ್ಕಿಂತ ಹೆಚ್ಚು ಬೈಟ್‌ನ ಸಂಖ್ಯೆಯಲ್ಲಿ ಕಿರಿಯ ಬೈಟ್ ಮೊದಲು ಇರುತ್ತದೆ, ಹಿಂದುಮುಂದಾಗಿ ಓದಬೇಕು.

ಫ್ಯಾಟ್32ರ ಪಟ್ಟಿಯಲ್ಲಿ ಒಂದು ದಾಖಲೆಗೆ 32 ಬೈಟ್. ಮೊದಲ 11 ಬೈಟ್ ಹೆಸರು, ಎಂಟು ಮತ್ತು ಮೂರು ಅಕ್ಷರದ ಹಳೆಯ ಪದ್ಧತಿಯಲ್ಲಿ; ಖಾಲಿ ಉಳಿದ ಜಾಗಕ್ಕೆ 20 ತುಂಬಿರುತ್ತದೆ. ಡೇಟಾ ಎಂಬ ಹೆಸರು ಇಂಗ್ಲಿಷಿನ ನಾಲ್ಕು ದೊಡ್ಡ ಅಕ್ಷರಗಳಲ್ಲಿ ಇದ್ದದ್ದರಿಂದ ನಾನು ಹುಡುಕಿದ್ದು 44 41 54 41, ಅದರ ಹಿಂದೆ ಏಳು 20. ಇದೇ ಅಕ್ಷರಗಳು ಬೇರೆ ಫೈಲ್‌ಗಳ ಒಳಗೂ ಬರಬಹುದು, ಸಿಕ್ಕಿದ್ದೆಲ್ಲ ನಮ್ಮದಲ್ಲ. ಕೊನೆಯ ನಾಲ್ಕು ಬೈಟ್‌ಗಳಲ್ಲಿ ಗಾತ್ರ 16,384, ಅಂದರೆ 00 40 00 00 ಇರುವುದೇ ನಮ್ಮದು. ಸಿಕ್ಕಿದ ಸಾಲು ಹೀಗಿತ್ತು:

44 41 54 41 20 20 20 20 20 20 20 00 00 00 31 62
25 57 25 57 01 00 31 62 25 57 72 53 00 40 00 00

ಎಣಿಕೆ ಸೊನ್ನೆಯಿಂದ ಶುರು. 11ನೇ ಬೈಟ್ ಗುಣಲಕ್ಷಣದ ಬೈಟ್, ಏಳು 20ಗಳ ನಂತರದ್ದು. ಫೋಲ್ಡರ್ ಆಗಿದ್ದರೆ ಅಲ್ಲಿ 10 ಇರಬೇಕು. ಇಲ್ಲಿ 00 ಆಗಿದೆ. ಕೆಲವು ಡ್ರೈವ್‌ಗಳಲ್ಲಿ 20 ಇರಬಹುದು, ಅದು ಸಾಮಾನ್ಯ ಫೈಲ್‌ಗೆ ಹಾಕುವ ಆರ್ಕೈವ್ ಗುರುತು. ಆಗ ಎಂಟು 20ಗಳು ಒಟ್ಟಿಗೆ ಕಂಡು ಎಣಿಕೆ ತಪ್ಪುವುದು ಸುಲಭ, ಬೆರಳಿಟ್ಟು ಎಣಿಸಿ. 28ರಿಂದ 31ನೇ ಬೈಟ್ ಗಾತ್ರ. ಫೋಲ್ಡರ್‌ಗೆ ಗಾತ್ರ ಬರೆಯುವ ಪದ್ಧತಿ ಫ್ಯಾಟ್‌ನಲ್ಲಿಲ್ಲ, ಅಲ್ಲಿ ನಾಲ್ಕೂ ಸೊನ್ನೆ ಇರಬೇಕು. 24 ಮತ್ತು 25ನೇ ಬೈಟ್‌ನ 25 57 ಎಂಬುದು ತಾರೀಖು, ಬಿಡಿಸಿದರೆ 2023ರ ಸೆಪ್ಟೆಂಬರ್ 5. ಗೊತ್ತಿರುವ ತಾರೀಖಿಗೆ ಇದು ಹೊಂದಿದರೆ ಸರಿಯಾದ ಸಾಲನ್ನೇ ನೋಡುತ್ತಿದ್ದೇವೆ ಎಂಬ ಧೈರ್ಯ ಬರುತ್ತದೆ.

ಇನ್ನು ಪಟ್ಟಿ ಎಲ್ಲಿದೆ ಎನ್ನುವುದು. ಮೊದಲ ಕ್ಲಸ್ಟರ್ ಸಂಖ್ಯೆ ಎರಡು ಕಡೆ ಹರಿದು ಹಂಚಿರುತ್ತದೆ: 20 ಮತ್ತು 21ನೇ ಬೈಟ್‌ನಲ್ಲಿ ಮೇಲಿನ ಅರ್ಧ, 26 ಮತ್ತು 27ರಲ್ಲಿ ಕೆಳಗಿನ ಅರ್ಧ. ಇಲ್ಲಿ 01 00 ಮತ್ತು 72 53, ಒಂದೊಂದನ್ನೂ ಹಿಂದುಮುಂದು ಮಾಡಿ ಸೇರಿಸಿದರೆ ಹೆಕ್ಸ್ 00015372, ದಶಮಾನದಲ್ಲಿ 86,898. ಇದನ್ನು ಸೆಕ್ಟರ್ ಸಂಖ್ಯೆಗೆ ತರಲು ಪಾರ್ಟಿಷನ್‌ನ ಮೊದಲ ಸೆಕ್ಟರ್ ಆದ ಬೂಟ್ ಸೆಕ್ಟರ್‌ನ ಮೂರು ಅಂಕಿ ಬೇಕು. ಅಲ್ಲಿ 13ನೇ ಬೈಟ್ 20, ಅಂದರೆ ಕ್ಲಸ್ಟರ್‌ಗೆ 32 ಸೆಕ್ಟರ್. 14 ಮತ್ತು 15ರಲ್ಲಿ 50 09, ಮೀಸಲು ಸೆಕ್ಟರ್ 2,384. 36ರಿಂದ 39ರಲ್ಲಿ 58 3ಬಿ 00 00, ಯಾವ ಕ್ಲಸ್ಟರ್ ಆದ ಮೇಲೆ ಯಾವುದು ಎಂದು ಬರೆದಿಡುವ ಫ್ಯಾಟ್ ಕೋಷ್ಟಕ ಒಂದಕ್ಕೆ 15,192 ಸೆಕ್ಟರ್, ಕೋಷ್ಟಕಗಳು ಎರಡು. ಮೀಸಲಿಗೆ ಎರಡು ಕೋಷ್ಟಕ ಕೂಡಿಸಿದರೆ 32,768, ಅಲ್ಲಿಂದ ದತ್ತಾಂಶದ ಭಾಗ ಆರಂಭ. ಕ್ಲಸ್ಟರ್ ಎಣಿಕೆ 2ರಿಂದ ಶುರುವಾಗುವುದರಿಂದ 86,898ರಲ್ಲಿ 2 ಕಳೆದು 32ರಿಂದ ಗುಣಿಸಬೇಕು: 27,80,672. ಅದಕ್ಕೆ 32,768 ಕೂಡಿಸಿದರೆ 28,13,440. ಪಾರ್ಟಿಷನ್ 2,048ನೇ ಸೆಕ್ಟರ್‌ನಿಂದ ಶುರುವಾಗಿದ್ದರಿಂದ ಅದನ್ನೂ ಸೇರಿಸಿ 28,15,488. ಆ 2 ಕಳೆಯುವುದನ್ನೂ ಪಾರ್ಟಿಷನ್ ಆರಂಭ ಸೇರಿಸುವುದನ್ನೂ ಬಿಟ್ಟರೆ ಸಂಬಂಧವಿಲ್ಲದ ಜಾಗಕ್ಕೆ ಹೋಗಿ ಪಟ್ಟಿಯೇ ಇಲ್ಲ ಎಂದುಕೊಳ್ಳಬೇಕಾಗುತ್ತದೆ. ಲೆಕ್ಕ ಸರಿ ಇದೆಯೇ ಎಂದು ನೋಡಲು ಚೆನ್ನಾಗಿರುವ ಇನ್ನೊಂದು ಫೋಲ್ಡರ್‌ನ ಕ್ಲಸ್ಟರ್ ಸಂಖ್ಯೆ ಹಾಕಿ ಅಲ್ಲಿಗೆ ಹೋಗಿ. ಮೊದಲ ಬೈಟ್ 2ಇ, ಅಂದರೆ ಚುಕ್ಕೆ, ಸಿಕ್ಕರೆ ಸೂತ್ರ ಸರಿ.

28,15,488ನೇ ಸೆಕ್ಟರ್‌ನಲ್ಲಿ ಕಂಡದ್ದು 512 ಸೊನ್ನೆ. ಅದರ ಮುಂದಿನ ಸೆಕ್ಟರ್‌ನಲ್ಲಿ ಮಾತ್ರ ಅಕ್ಷರಗಳು ತುಂಬಿವೆ: ಫೈಲ್‌ಗಳ ಹೆಸರು, ಪಿಡಿಎಫ್, ಜೆಪಿಜಿ ಎಂಬ ಕೊನೆಗಳು, ಒಂದರ ಕೆಳಗೊಂದು. ಉದ್ದ ಹೆಸರುಗಳು ಯೂನಿಕೋಡ್‌ನಲ್ಲಿ ಇರುವುದರಿಂದ ಇಂಗ್ಲಿಷ್ ಅಕ್ಷರಗಳ ನಡುವೆ 00 ಕಾಣುತ್ತದೆ. ಹೆಸರು ಕನ್ನಡದಲ್ಲಿದ್ದರೆ ಎಡಿಟರ್‌ನ ಬಲಭಾಗದಲ್ಲಿ ಬರೀ ಕಸ ಕಂಡೀತು, ಹೆದರಬೇಡಿ. ಎಡಗಡೆ ಒಂದು ಬಿಟ್ಟು ಒಂದು ಬೈಟ್ 0ಸಿ ಎಂದಿದ್ದರೆ ಅದು ಕನ್ನಡವೇ ಇರಬಹುದು. 95 0ಸಿ ಎಂದರೆ ಕ. ಒಂದು ಉದ್ದಹೆಸರಿನ ದಾಖಲೆಯಲ್ಲಿ 13 ಯೂನಿಟ್ ಹಿಡಿಸುತ್ತವೆ. ಕನ್ನಡ ಎಂಬ ಹೆಸರು ಕಣ್ಣಿಗೆ ಮೂರಕ್ಷರವಾದರೂ ಅಲ್ಲಿ ಐದು ಯೂನಿಟ್, ಒತ್ತಕ್ಷರಕ್ಕೆ ನ, ಹಲಂತ, ಮತ್ತೆ ನ ಎಂದು ಮೂರು ಹೋಗುತ್ತವೆ. ಹಾಗಾಗಿ ಕನ್ನಡ ಹೆಸರಿನ ಫೈಲ್‌ಗಳು ಪಟ್ಟಿಯಲ್ಲಿ ನಾವು ಎಣಿಸುವುದಕ್ಕಿಂತ ಹೆಚ್ಚು ಸಾಲು ಹಿಡಿಯುತ್ತವೆ.

ಲೆಕ್ಕ ಈಗ ಸ್ಪಷ್ಟ. 16 ಕೆಬಿ ಕ್ಲಸ್ಟರ್‌ನಲ್ಲಿ 512 ದಾಖಲೆ. ಹೋಗಿರುವುದು ಒಂದು ಸೆಕ್ಟರ್, ಅಂದರೆ 16 ದಾಖಲೆ: ಚುಕ್ಕೆಗಳ ದಾಖಲೆ ಎರಡು, ಉಳಿದವು 14. ಉದ್ದ ಹೆಸರಿನ ಒಂದು ಫೈಲ್ ಮೂರು ನಾಲ್ಕು ದಾಖಲೆ ತಿನ್ನುವುದರಿಂದ ಕಳೆದುಹೋದ ಹೆಸರು ನಾಲ್ಕೈದು. ಉಳಿದ 496 ದಾಖಲೆ ಹಾಗೇ ಇವೆ.

ಬರೆದದ್ದು

ಮೊದಲು ಖಾಲಿ ಸೆಕ್ಟರ್. ಓವರ್‌ರೈಟ್ ಮೋಡ್‌ನಲ್ಲೇ ಬರೆಯಬೇಕು. ಇನ್ಸರ್ಟ್ ಮೋಡ್‌ನಲ್ಲಿ ಒಂದು ಬೈಟ್ ಸೇರಿದರೂ ಮುಂದಿನದೆಲ್ಲ ಒಂದು ಬೈಟ್ ಸರಿದು ಇಮೇಜ್ ಪೂರ್ತಿ ಕೆಡುತ್ತದೆ. ಮೊದಲ ದಾಖಲೆ, ಒಂದು ಚುಕ್ಕೆ:

2ಇ 20 20 20 20 20 20 20 20 20 20 10 00 00 31 62
25 57 25 57 01 00 31 62 25 57 72 53 00 00 00 00

ಕ್ಲಸ್ಟರ್ ಸಂಖ್ಯೆ ಡೇಟಾದ್ದೇ. ಸಮಯ, ತಾರೀಖು ಮೇಲಿನ ಸಾಲಿನಿಂದಲೇ ಎತ್ತಿಕೊಂಡದ್ದು. ಎರಡನೆಯದು, ಎರಡು ಚುಕ್ಕೆ:

2ಇ 2ಇ 20 20 20 20 20 20 20 20 20 10 00 00 31 62
25 57 25 57 00 00 31 62 25 57 00 00 00 00 00 00

ಇಲ್ಲಿ ಕ್ಲಸ್ಟರ್ ಸಂಖ್ಯೆ ಪೂರ್ತಿ ಸೊನ್ನೆ, ಏಕೆಂದರೆ ಡೇಟಾ ಇದ್ದದ್ದು ನೇರವಾಗಿ ಮೂಲ ಡೈರೆಕ್ಟರಿಯಲ್ಲಿ, ಅಂದರೆ ಡ್ರೈವ್‌ನ ಎಲ್ಲಕ್ಕಿಂತ ಮೇಲಿನ ಪಟ್ಟಿಯಲ್ಲಿ. ಮೂಲ ಡೈರೆಕ್ಟರಿಯ ನಿಜವಾದ ಕ್ಲಸ್ಟರ್ ಸಾಮಾನ್ಯವಾಗಿ 2 ಆಗಿದ್ದರೂ ಎರಡು ಚುಕ್ಕೆಯ ದಾಖಲೆಯಲ್ಲಿ ಅದನ್ನು 0 ಎಂದೇ ಬರೆಯಬೇಕು, ನಿಯಮ ಹಾಗಿದೆ. ಬೇರೊಂದು ಫೋಲ್ಡರ್ ಒಳಗಿದ್ದರೆ ಆ ಫೋಲ್ಡರ್‌ನ ಕ್ಲಸ್ಟರ್ ಸಂಖ್ಯೆ ಹಾಕಬೇಕು.

ಇಷ್ಟು ಬರೆದು, ಮೂಲ ಡೈರೆಕ್ಟರಿಯ ಡೇಟಾ ಸಾಲನ್ನಷ್ಟೇ ತಿದ್ದಿ ನಿಲ್ಲಿಸಿದರೆ ಫೋಲ್ಡರ್ ತೆರೆದುಕೊಳ್ಳುತ್ತದೆ, ಆದರೆ ಖಾಲಿ ಕಾಣುತ್ತದೆ. ಬಹಳ ಜನ ಇಲ್ಲಿಗೇ ಕೈಚೆಲ್ಲುತ್ತಾರೆ. ಕಾರಣ ಸರಳ: ಫ್ಯಾಟ್‌ನಲ್ಲಿ ದಾಖಲೆಯೊಂದರ ಮೊದಲ ಬೈಟ್ 00 ಇದ್ದರೆ ಪಟ್ಟಿ ಇಲ್ಲಿಗೆ ಮುಗಿಯಿತು, ಮುಂದೆ ಓದಬೇಡ ಎಂದರ್ಥ. ಮೂರನೆಯ ದಾಖಲೆಯ ಜಾಗದಲ್ಲಿ ಸೊನ್ನೆ ಕಂಡ ವಿಂಡೋಸ್ ಮುಂದಿನ 496 ದಾಖಲೆಯ ಕಡೆ ತಿರುಗಿಯೂ ನೋಡುವುದಿಲ್ಲ. ಅಲ್ಲಿ 00 ಬದಲು ಇ5 ಹಾಕಬೇಕು, ಅದು ಅಳಿಸಿದ ಫೈಲಿನ ಗುರುತು. ಇದನ್ನು ಬಿಟ್ಟು ಮುಂದೆ ಓದು ಎಂದರ್ಥ. ಸೆಕ್ಟರ್‌ನ ಆರಂಭದಿಂದ 64ನೇ ಬೈಟ್, 96, 128 ಹೀಗೆ 32ರ ಜಿಗಿತದಲ್ಲಿ 480ರವರೆಗೆ, 14 ಕಡೆ ಇ5. ಮಿಕ್ಕ 31 ಬೈಟ್‌ಗಳಲ್ಲಿ ಏನಿದ್ದರೂ ಪರವಾಗಿಲ್ಲ. ಸೆಕ್ಟರ್ ಸೊನ್ನೆಯ ಬದಲು ಎಫ್‌ಎಫ್‌ಗಳಿಂದ ತುಂಬಿದ್ದರೂ ಇದೇ ಚಿಕಿತ್ಸೆ.

ಕೊನೆಯಲ್ಲಿ ಮೂಲ ಡೈರೆಕ್ಟರಿಯ ಡೇಟಾ ಸಾಲು: 11ನೇ ಬೈಟ್ 00 ಇದ್ದದ್ದು 10, ಗಾತ್ರದ 00 40 00 00 ಇದ್ದದ್ದು 00 00 00 00. ಹೆಸರಿನ 11 ಬೈಟ್ ಮುಟ್ಟಲಿಲ್ಲ. ಫೋಲ್ಡರ್‌ಗೆ ಉದ್ದ ಹೆಸರಿದ್ದರೆ ಅದರ ದಾಖಲೆಗಳು ಈ ಸಾಲಿನ ಮೇಲೆ ಇರುತ್ತವೆ, ಚಿಕ್ಕ ಹೆಸರಿನ ಚೆಕ್‌ಸಮ್ ಮೂಲಕ ಇದಕ್ಕೆ ಅಂಟಿಕೊಂಡಿರುತ್ತವೆ. ಆ ಚೆಕ್‌ಸಮ್ ಹೆಸರಿನಿಂದ ಮಾತ್ರ ಹುಟ್ಟುವುದರಿಂದ ಗುಣಲಕ್ಷಣ ಬದಲಿಸಿದರೂ ಉದ್ದ ಹೆಸರು ಉಳಿಯುತ್ತದೆ. ಚಿಕ್ಕ ಹೆಸರಿನ ಒಂದಕ್ಷರ ತಿದ್ದಿದರೆ ಕೊಂಡಿ ಕಳಚುತ್ತದೆ.

ಸೇವ್ ಮಾಡಿ ಇಮೇಜನ್ನು ರೀಡ್ ಓನ್ಲಿಯಾಗಿ ಮೌಂಟ್ ಮಾಡಿದೆ. ಲಿನಕ್ಸ್‌ನಲ್ಲಿ ಲೂಪ್ ಮೌಂಟ್‌ಗೆ ಆಫ್‌ಸೆಟ್, ಅಂದರೆ ಪಾರ್ಟಿಷನ್ ಶುರುವಾಗುವ ಬೈಟ್, ಕೊಡಬೇಕು. 2,048 ಸೆಕ್ಟರ್ ಗುಣಿಸು 512, ಅಂದರೆ 10,48,576. ವಿಂಡೋಸ್‌ನಲ್ಲಿ ಓಎಸ್‌ಎಫ್‌ಮೌಂಟ್ ಬಳಸಬಹುದು. ಡೇಟಾ ಮತ್ತೆ ಫೋಲ್ಡರ್ ಆಗಿ, ಹೆಸರು, ತಾರೀಖು, ಗಾತ್ರ ಸಮೇತ ಫೈಲ್‌ಗಳನ್ನು ತೋರಿಸಿತು.

ಇಲ್ಲಿ ಒಂದು ಎಚ್ಚರ. ಈ ಹೊತ್ತಿನಲ್ಲಿ ಚೆಕ್‌ಡಿಸ್ಕ್ ಓಡಿಸಬಾರದು. ಅದೇ ಕ್ಲಸ್ಟರ್ ಸರಪಳಿಗಳನ್ನು ಈಗ ಎರಡು ಕಡೆಯಿಂದ ತೋರಿಸಲಾಗುತ್ತಿದೆ: ಡೇಟಾದೊಳಗಿನ ಫೈಲ್‌ಗಳು ಒಂದು, ಫೌಂಡ್.000 ಒಳಗಿನ ಸಿಎಚ್‌ಕೆ ಫೈಲ್‌ಗಳು ಇನ್ನೊಂದು. ಇದಕ್ಕೆ ಕ್ರಾಸ್‌ಲಿಂಕ್ ಎನ್ನುತ್ತಾರೆ. ಓದುವುದಕ್ಕೆ ಅಡ್ಡಿಯಿಲ್ಲ, ಬರೆದರೆ ಮಾತ್ರ ಒಂದರ ಮೇಲೊಂದು ಬೀಳುತ್ತದೆ. ಮೌಂಟ್ ರೀಡ್ ಓನ್ಲಿ ಇರಬೇಕು ಎಂದದ್ದು ಅದಕ್ಕೆ. ಬೇಕಾದ್ದನ್ನೆಲ್ಲ ಬೇರೆ ಡಿಸ್ಕ್‌ಗೆ ಕಾಪಿ ಮಾಡಿಕೊಂಡರೆ ಈ ಇಮೇಜ್‌ನ ಕೆಲಸ ಮುಗಿಯಿತು, ಅದನ್ನು ಪೂರ್ತಿ ಸರಿಪಡಿಸುವ ಅಗತ್ಯವೇ ಇಲ್ಲ.

ಹೋದ ನಾಲ್ಕೈದು ಹೆಸರು

ಮೊದಲ ಸೆಕ್ಟರ್‌ನಲ್ಲಿದ್ದ ಫೈಲ್‌ಗಳ ಹೆಸರು ಬರುವುದಿಲ್ಲ, ಆದರೆ ಒಳಗಿನ ಸರಕು ಫೌಂಡ್.000ದಲ್ಲಿದೆ. ಡೇಟಾದಲ್ಲಿ ಸಿಕ್ಕ ಪ್ರತಿ ಫೈಲಿನ ಆರಂಭದ ಕ್ಲಸ್ಟರ್ ಒಂದು ಪಟ್ಟಿ, ಸಿಎಚ್‌ಕೆ ಫೈಲ್‌ಗಳ ಆರಂಭದ ಕ್ಲಸ್ಟರ್ ಇನ್ನೊಂದು ಪಟ್ಟಿ. ಎರಡರಲ್ಲೂ ಇರುವುದನ್ನು ಹೊಡೆದುಹಾಕಿದರೆ ಮಿಕ್ಕದ್ದೇ ವಾರಸುದಾರರಿಲ್ಲದ್ದು. ಆ ಕೆಲವನ್ನು ಮೊದಲ ಬೈಟ್ ನೋಡಿ ಗುರುತಿಸಬಹುದು. 25 50 44 46 ಇದ್ದರೆ ಪಿಡಿಎಫ್. ಎಫ್‌ಎಫ್ ಡಿ8 ಎಫ್‌ಎಫ್ ಇದ್ದರೆ ಜೆಪಿಜಿ. 50 4ಬಿ 03 04 ಇದ್ದರೆ ಜಿಪ್, ಇಲ್ಲವೇ ಹೊಸ ಬಗೆಯ ವರ್ಡ್, ಎಕ್ಸೆಲ್ ಫೈಲ್, ಏಕೆಂದರೆ ಅವೂ ಒಳಗೆ ಜಿಪ್‌ಗಳೇ. ಸಿಎಚ್‌ಕೆ ಫೈಲಿನ ಗಾತ್ರ ಕ್ಲಸ್ಟರ್‌ನ ಗುಣಕಕ್ಕೆ ಏರಿರುತ್ತದೆ, ಕೊನೆಗೆ ಸ್ವಲ್ಪ ಕಸ ಅಂಟಿಕೊಂಡಿರುತ್ತದೆ. ಪಿಡಿಎಫ್, ಜೆಪಿಜಿ ಸಾಮಾನ್ಯವಾಗಿ ಅದನ್ನು ಸಹಿಸಿಕೊಂಡು ತೆರೆಯುತ್ತವೆ. ವರ್ಡ್ ಫೈಲ್ ರಿಪೇರಿ ಮಾಡಲೇ ಎಂದು ಕೇಳಬಹುದು, ಒಪ್ಪಿ ಬೇರೆ ಹೆಸರಿನಲ್ಲಿ ಉಳಿಸಿದರಾಯಿತು. ವಿಚಿತ್ರವಾಗಿ ಮೊಟಕಾದ, ಟಿಲ್ಡೆ ಮತ್ತು 1 ಅಂಟಿದ ಹೆಸರಿನ ಫೈಲ್ ಒಂದು ಸಿಕ್ಕರೆ ಅದರ ಉದ್ದ ಹೆಸರು ಹೋದ ಸೆಕ್ಟರ್‌ನಲ್ಲಿ, ಚಿಕ್ಕ ಹೆಸರು ಮುಂದಿನದರಲ್ಲಿ ಇತ್ತೆಂದು ತಿಳಿಯಬೇಕು. ಅದು ಪೂರ್ತಿ ಸರಿಯಾದ ಫೈಲೇ.

ಹೋದದ್ದು ಒಳಫೋಲ್ಡರ್ ಆಗಿದ್ದರೆ ಇನ್ನೂ ಸುಲಭ. ಚೆಕ್‌ಡಿಸ್ಕ್ ಅದನ್ನು ಫೌಂಡ್.000 ಒಳಗೆ ಡಿಐಆರ್0000 ಎಂಬಂಥ ಹೆಸರಿನ ಫೋಲ್ಡರ್ ಆಗಿ ಇಟ್ಟಿದ್ದರೆ ಒಳಗಿನ ಫೈಲ್‌ಗಳ ಹೆಸರೂ ಹಾಗೇ ಇರುತ್ತದೆ. ಚೆಕ್‌ಡಿಸ್ಕ್ ಮುಟ್ಟಿರದ ಡ್ರೈವ್ ಆದರೆ 2ಇ, ಹತ್ತು 20, ಒಂದು 10 ಎಂಬ ಸಾಲನ್ನು ಇಮೇಜ್‌ನಲ್ಲಿ ಹುಡುಕಿ. ಸಿಕ್ಕ ಪ್ರತಿ ಜಾಗವೂ ಒಂದು ಫೋಲ್ಡರ್‌ನ ತಲೆ. ಅದರ ಕೆಳಗಿನ ಎರಡು ಚುಕ್ಕೆಯ ದಾಖಲೆಯಲ್ಲಿ 01 00 ಮತ್ತು 72 53 ಇದ್ದರೆ ಅದು ಡೇಟಾದ ಮಗು. ಡೇಟಾದ ಪಟ್ಟಿಯಲ್ಲಿ ಇ5 ಹಾಕಿದ ಒಂದು ಸಾಲನ್ನು ತೆಗೆದುಕೊಂಡು ಅಲ್ಲಿ ಹೊಸ ಹೆಸರು, 10, ಆ ಒಳಫೋಲ್ಡರ್‌ನ ಕ್ಲಸ್ಟರ್ ಸಂಖ್ಯೆ ಬರೆದರೆ ಅದು ತನ್ನ ಜಾಗಕ್ಕೆ ಬಂದು ಕೂರುತ್ತದೆ.

ಪಟ್ಟಿ ಸರಿಯಾದರೆ ಫೈಲ್ ಸರಿ ಎಂದಲ್ಲ. ಕಾಪಿ ಆದ ಮೇಲೆ ಒಂದೊಂದನ್ನೂ ತೆರೆದು ನೋಡಲೇಬೇಕು. ಜಿಪ್‌ಗಳಿಗೆ 7-ಜಿಪ್‌ನ ಟೆಸ್ಟ್ ಆಯ್ಕೆ ಸಾಕು. ಫೋಟೋಗಳನ್ನು ದೊಡ್ಡ ಥಂಬ್‌ನೇಲ್‌ನಲ್ಲಿ ನೋಡಿ, ಅರ್ಧ ಬೂದಿಬಣ್ಣ ಇದ್ದದ್ದು ನಡುವೆ ತುಂಡಾದದ್ದು. ವಿಡಿಯೋದ ಕೊನೆಯ ನಿಮಿಷಕ್ಕೆ ಹಾರಿ ನೋಡಿ.

ಬೇರೆ ಫೈಲ್ ಸಿಸ್ಟಂಗಳಲ್ಲಿ

ಎನ್‌ಟಿಎಫ್‌ಎಸ್‌ನಲ್ಲಿ ಕೈಯಾರೆ ಬೈಟ್ ತಿದ್ದುವ ಅಗತ್ಯ ಅಪರೂಪ. ಅಲ್ಲಿ ಪ್ರತಿ ಫೈಲಿನ ಹೆಸರು ಎರಡು ಕಡೆ ಇರುತ್ತದೆ: ಫೋಲ್ಡರ್‌ನ ಸೂಚಿಯಲ್ಲಿ ಒಂದು, ಮಾಸ್ಟರ್ ಫೈಲ್ ಟೇಬಲ್‌ನ ಆ ಫೈಲಿನದೇ ದಾಖಲೆಯಲ್ಲಿ ಇನ್ನೊಂದು. ಎರಡನೆಯದರಲ್ಲಿ ತಾನು ಯಾವ ಫೋಲ್ಡರ್‌ಗೆ ಸೇರಿದವನು ಎಂಬುದೂ ಇರುತ್ತದೆ. ಸೂಚಿ ಕೆಟ್ಟು 1392ನೇ ದೋಷ ಬಂದರೆ ಚೆಕ್‌ಡಿಸ್ಕ್ ಈ ದಾಖಲೆಗಳಿಂದ ಸೂಚಿಯನ್ನು ಹೊಸದಾಗಿ ಕಟ್ಟಬಲ್ಲದು. ಅನಾಥ ಫೈಲ್‌ಗಳನ್ನು ಅವುಗಳ ಹೆಸರಿನಲ್ಲೇ ಮರಳಿ ಸೇರಿಸುತ್ತಿದ್ದೇನೆ ಎಂಬ ಸಾಲುಗಳು ಬರುತ್ತವೆ. ಫೋಲ್ಡರ್‌ನ ದಾಖಲೆಯೇ ಹೋಗಿದ್ದರೆ ಫೈಲ್‌ಗಳು ಫೌಂಡ್.000 ಸೇರುತ್ತವೆ, ಹೆಸರು ಉಳಿಸಿಕೊಂಡೇ. ಆದ್ದರಿಂದ ಎನ್‌ಟಿಎಫ್‌ಎಸ್‌ನಲ್ಲಿ ಸ್ಲ್ಯಾಶ್ ಎಫ್ ಒಳ್ಳೆಯ ಮದ್ದು, ಆದರೆ ಇಮೇಜ್ ತೆಗೆದ ಮೇಲೆ ಮಾತ್ರ. ಡಿಸ್ಕ್ ಸಾಯುತ್ತಿದ್ದರೆ ಅದು ಓದಲಾಗದ ದಾಖಲೆಗಳನ್ನು ಕೆಟ್ಟದ್ದೆಂದು ಒಂದರ ಹಿಂದೊಂದು ಅಳಿಸುತ್ತ ಹೋಗುತ್ತದೆ. ಹಾರ್ಡ್‌ಡಿಸ್ಕ್ ಆದರೆ ಮೊದಲು ಸ್ಮಾರ್ಟ್ ವರದಿ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಇಟ್ಟುಕೊಳ್ಳುವ ಲೆಕ್ಕ, ನೋಡಿ. 197ನೇ ಗುಣ, ಅಂದರೆ ತೀರ್ಮಾನ ಬಾಕಿಯಿರುವ ಸೆಕ್ಟರ್‌ಗಳು, ಸೊನ್ನೆಗಿಂತ ಹೆಚ್ಚಿದ್ದರೆ ಡಿಡಿರೆಸ್ಕ್ಯೂ ಮುಗಿಯುವವರೆಗೆ ಚೆಕ್‌ಡಿಸ್ಕ್‌ನ ಹೆಸರೆತ್ತಬೇಡಿ. ಇಡೀ ಡಿಸ್ಕ್ ಓದಿ ಪರೀಕ್ಷಿಸುವ ಸ್ಲ್ಯಾಶ್ ಆರ್ ಅಂತೂ ಬೇಡವೇ ಬೇಡ.

ಎಕ್ಸ್‌ಫ್ಯಾಟ್‌ಗೆ ಮೇಲಿನ ಉಪಾಯ ನೇರವಾಗಿ ಹೊಂದುವುದಿಲ್ಲ. ಅಲ್ಲಿ ಚುಕ್ಕೆ ದಾಖಲೆಗಳಿಲ್ಲ, ಒಂದು ಫೈಲಿಗೆ 85, ಸಿ0, ಸಿ1 ಎಂದು ಶುರುವಾಗುವ ದಾಖಲೆಗಳ ಗುಂಪೇ ಇರುತ್ತದೆ, ಗುಂಪಿಗೆಲ್ಲ ಒಂದು ಚೆಕ್‌ಸಮ್. ಗುಣಲಕ್ಷಣದ ಬೈಟ್ ಬದಲಿಸಿದರೆ ಚೆಕ್‌ಸಮ್ ಮತ್ತೆ ಲೆಕ್ಕಹಾಕಿ ಬರೆಯಬೇಕು, ಇಲ್ಲದಿದ್ದರೆ ಆ ಗುಂಪು ಸಿಂಧುವಾಗುವುದಿಲ್ಲ. ಅಲ್ಲಿ ಡಿಎಂಡಿಇಯಂಥ, ಪಟ್ಟಿಯನ್ನು ಓದಿ ತೋರಿಸುವ ಸಾಧನದಿಂದ ಫೈಲ್ ಹೊರತೆಗೆಯುವುದೇ ಲೇಸು.

ಇನ್ನು ಆ ಪೆನ್‌ಡ್ರೈವ್. ಫೈಲ್‌ಗಳು ಎರಡು ಕಡೆ ಭದ್ರವಾದ ಮೇಲೆ ಅದನ್ನು ಫಾರ್ಮ್ಯಾಟ್ ಮಾಡಿ ಎಚ್2ಟೆಸ್ಟ್‌ಡಬ್ಲ್ಯೂನಿಂದ ತುದಿಯವರೆಗೆ ಬರೆದು ಓದಿಸಿದೆ; ಲಿನಕ್ಸ್‌ನಲ್ಲಿ ಎಫ್3 ಇದೇ ಕೆಲಸ ಮಾಡುತ್ತದೆ. ಮೇಲೆ ಬರೆದಿರುವ ಗಾತ್ರ ಸುಳ್ಳಾಗಿರುವ ಡ್ರೈವ್‌ಗಳಲ್ಲಿ ನಿಜವಾದ ಮಿತಿ ದಾಟಿದ ಬರವಣಿಗೆ ಸುತ್ತಿಬಂದು ಹಿಂದಿನದರ ಮೇಲೆ ಬೀಳಬಹುದು. ಆಗ ಕಿತ್ತುಹಾಕದಿದ್ದರೂ ಫೋಲ್ಡರ್‌ಗಳು ಹೀಗೇ ಹಾಳಾಗುತ್ತವೆ. ಪರೀಕ್ಷೆಯಲ್ಲಿ ಒಂದೇ ಒಂದು ಸೆಕ್ಟರ್ ತಪ್ಪು ಬಂದರೂ ಆ ಡ್ರೈವ್ ಮತ್ತೆ ಬಳಸುವಂಥದ್ದಲ್ಲ. ತಪ್ಪಿಲ್ಲದಿದ್ದರೆ ದೋಷ ಕಿತ್ತದ್ದರಿಂದಲೇ ಎಂದು ಹೆಚ್ಚುಕಡಿಮೆ ಹೇಳಬಹುದು. ವಿಂಡೋಸ್ 10ರ 1809ನೇ ಆವೃತ್ತಿಯಿಂದ ಪೆನ್‌ಡ್ರೈವ್‌ಗಳಿಗೆ ಕ್ವಿಕ್ ರಿಮೂವಲ್ ತಾನಾಗಿಯೇ ಇರುತ್ತದೆ. ಅದರಿಂದ ಕ್ಯಾಶ್‌ನಲ್ಲಿ ಉಳಿಯುವುದು ತಪ್ಪುತ್ತದೆ, ನಡೆಯುತ್ತಿರುವ ಬರವಣಿಗೆಯ ನಡುವೆ ಕಿತ್ತರೆ ಮಾತ್ರ ಅದೂ ಕಾಯುವುದಿಲ್ಲ.